ಆಫ್ರಿಕಾಕ್ಕೆ ಹೊರಟವರಿಗೆ: ಹಳದಿ ಪುಸ್ತಕ, ಸೊಳ್ಳೆ ಪರದೆ ಮತ್ತು ಮರಳಿ ಬಂದ ಮೇಲಿನ ಜ್ವರ



ನಮ್ಮ ಅಂಕಣದಲ್ಲಿ ಸಾಮಾನ್ಯವಾಗಿ ರಾಗಿ, ಟೊಮ್ಯಾಟೊ, ಹಸುಗಳ ಕೆಚ್ಚಲುಬಾವು, ಮಕ್ಕಳ ಕೆಮ್ಮು ಇವುಗಳ ಬಗ್ಗೆ ಬರೆಯುವುದು ವಾಡಿಕೆ. ಈ ಬಾರಿ ಆಫ್ರಿಕಾದ ಬಗ್ಗೆ ಏಕೆ ಎಂದು ನೀವು ಕೇಳಬಹುದು. ಕಾರಣವಿದೆ. ಹೊಸೂರು, ಬಾಗಲೂರು, ತಳಿ, ಡೆಂಕಣಿಕೋಟೆಯ ಸುತ್ತ ಗುಲಾಬಿ ಬೆಳೆಯುವ ಹಸಿರುಮನೆಗಳು ಬಂದ ಮೇಲೆ ನಮ್ಮ ಸೀಮೆಯ ಕೈಗಳಿಗೆ ಹೊಸ ವಿದ್ಯೆಯೊಂದು ಒಲಿಯಿತು. ಕಣ್ಣು ಕಟ್ಟುವುದು, ಗಿಡ ಬಗ್ಗಿಸುವುದು, ಹನಿ ನೀರಿನಲ್ಲಿ ಗೊಬ್ಬರ ಕೊಡುವುದು, ಹೂವನ್ನು ತಂಪು ಕೋಣೆಯಲ್ಲಿ ಕಾಪಾಡುವುದು ಇವನ್ನೆಲ್ಲ ಬಲ್ಲವರಿಗೆ ಕೀನ್ಯಾ, ಇಥಿಯೋಪಿಯಾ ದೇಶಗಳ ಹೂತೋಟಗಳಲ್ಲಿ ಬೇಡಿಕೆ ಇದೆ. ಬೆಂಗಳೂರಿನ ಕರುಟೂರಿ ಸಂಸ್ಥೆ 2007ರಲ್ಲಿ ಕೀನ್ಯಾದ ನೈವಾಶಾ ಸರೋವರದ ದಡದಲ್ಲಿದ್ದ ದೊಡ್ಡ ಗುಲಾಬಿ ತೋಟವನ್ನೇ ಕೊಂಡಿತ್ತು. ಆ ತೋಟ ಮುಂದೆ ಕೈತಪ್ಪಿ ಹೋದರೂ ಹೂವಿನ ಕೆಲಸಕ್ಕಾಗಿ ನಮ್ಮ ಕಡೆಯವರು ಆ ದೇಶಗಳಿಗೆ ಹೋಗುವುದು ನಿಂತಿಲ್ಲ. ವ್ಯಾಪಾರಕ್ಕೆ, ಸೇವೆಗೆ, ಮಕ್ಕಳನ್ನು ನೋಡಲು ಹೋಗುವವರೂ ಇದ್ದಾರೆ.

ನಿಜ ಹೇಳಬೇಕೆಂದರೆ ಆಫ್ರಿಕಾ ನಮಗೆ ಅಪರಿಚಿತವೇನಲ್ಲ. ನಾವು ದಿನವೂ ಉಣ್ಣುವ ರಾಗಿಯ ತವರು ಇಥಿಯೋಪಿಯಾ, ಉಗಾಂಡದ ಎತ್ತರದ ಪ್ರದೇಶ. ಜೋಳದ ತವರೂ ಆಫ್ರಿಕಾವೇ, ಸಾರಿಗೆ ಹಿಂಡುವ ಹುಣಸೆಯ ತವರೂ ಅದೇ. ಸಾವಿರಾರು ವರ್ಷಗಳ ಹಿಂದೆ ಅಲ್ಲಿಂದ ಬಂದ ಧಾನ್ಯ ನಮ್ಮನ್ನು ಸಾಕಿದೆ. ಆದ್ದರಿಂದ ಆ ಭೂಖಂಡವೆಂದರೆ ಬರೀ ಕಾಡು, ಕಾಯಿಲೆ ಎಂದು ಹೆದರುವುದು ಸರಿಯಲ್ಲ. ಏನೂ ಆಗುವುದಿಲ್ಲ ಎಂದು ಕೈ ಬೀಸಿಕೊಂಡು ಹೋಗುವುದೂ ಸರಿಯಲ್ಲ. ತಿಳಿದು ಹೋಗಬೇಕು, ತಿಳಿದು ಬರಬೇಕು. ಇದರಲ್ಲಿ ಬಂದ ಮೇಲಿನ ಎಚ್ಚರವೇ ಎಲ್ಲಕ್ಕಿಂತ ಮುಖ್ಯ ಎಂಬುದನ್ನು ಈ ಲೇಖನದಲ್ಲಿ ಹೇಳಲು ಬಯಸುತ್ತೇವೆ.

ಹಳದಿ ಜ್ವರದ ಲಸಿಕೆ

ಹೊರಡುವ ಮೊದಲು ಮಾಡಲೇಬೇಕಾದ ಕೆಲಸ ಇದು. ಹಳದಿ ಜ್ವರ ಎಂಬುದು ಸೊಳ್ಳೆಯಿಂದ ಹರಡುವ ವೈರಸ್ ರೋಗ. ಸೊಳ್ಳೆ ಕಚ್ಚಿದ ಮೂರರಿಂದ ಆರು ದಿನಗಳಲ್ಲಿ ಜ್ವರ, ಸೊಂಟನೋವು, ವಾಂತಿ ಕಾಣಿಸಿಕೊಳ್ಳುತ್ತವೆ. ಹಲವರಿಗೆ ಅಷ್ಟಕ್ಕೇ ವಾಸಿಯಾಗುತ್ತದೆ. ಕೆಲವರಿಗೆ ಯಕೃತ್ತು ಕೆಟ್ಟು ಕಣ್ಣು, ಮೈ ಹಳದಿಯಾಗಿ ರಕ್ತಸ್ರಾವವಾಗುತ್ತದೆ. ರೋಗ ಬಂದ ಮೇಲೆ ಅದನ್ನು ಕೊಲ್ಲುವ ಔಷಧಿ ಇಲ್ಲ. ಆದರೆ ಬರದಂತೆ ತಡೆಯುವ ಉತ್ತಮ ಲಸಿಕೆ ಇದೆ. ಅದನ್ನು 1930ರ ದಶಕದಲ್ಲಿ ಸಿದ್ಧಪಡಿಸಿದ ಮ್ಯಾಕ್ಸ್ ಥೈಲರ್ ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿದವರು. ಅವರಿಗೆ 1951ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ನಮ್ಮ ದೇಶದಲ್ಲಿ ಹಳದಿ ಜ್ವರ ಇಲ್ಲ. ಆದರೆ ಅದನ್ನು ಹರಡಬಲ್ಲ ಸೊಳ್ಳೆ ಇದೆ. ಡೆಂಗಿ, ಚಿಕೂನ್‌ಗುನ್ಯಾ ಹರಡುವ ಅದೇ ಈಡಿಸ್ ಸೊಳ್ಳೆ ಅದು. ನಮ್ಮ ಹಿತ್ತಲಿನ ತೊಟ್ಟಿ, ಒಡೆದ ಮಡಕೆ, ಹಳೆ ಟೈರುಗಳಲ್ಲಿ ಬೆಳೆಯುತ್ತದೆ. ಬೀಜ ಒಂದು ಬಿದ್ದರೆ ಸಾಕು, ಹೊಲ ಸಿದ್ಧವಾಗಿಯೇ ಇದೆ. ಅದಕ್ಕಾಗಿಯೇ ಭಾರತ ಸರ್ಕಾರ ಈ ವಿಷಯದಲ್ಲಿ ಬಹಳ ಬಿಗಿ. ಕೀನ್ಯಾ, ಇಥಿಯೋಪಿಯಾ, ಉಗಾಂಡ, ನೈಜೀರಿಯಾ, ಸುಡಾನ್ ಮುಂತಾದ ದೇಶಗಳಿಂದ ಬರುವವರ ಕೈಯಲ್ಲಿ ಲಸಿಕೆಯ ಪ್ರಮಾಣಪತ್ರ ಇಲ್ಲದಿದ್ದರೆ ವಿಮಾನ ನಿಲ್ದಾಣದಿಂದ ನೇರ ಮನೆಗೆ ಬಿಡುವುದಿಲ್ಲ. ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸುತ್ತಾರೆ.

ಇದು ಬರೀ ಕಾಗದದ ಮೇಲಿನ ಮಾತಲ್ಲ. 2023ರ ಏಪ್ರಿಲ್ 15ರಂದು ಸುಡಾನ್ ದೇಶದಲ್ಲಿ ಸೇನೆಯ ಎರಡು ಬಣಗಳ ನಡುವೆ ಯುದ್ಧ ಹತ್ತಿಕೊಂಡಿತು. ಆಗ ಎಲ್ ಫಾಶರ್ ಪಟ್ಟಣದಲ್ಲಿ ಕರ್ನಾಟಕದ ಹಕ್ಕಿಪಿಕ್ಕಿ ಜನಾಂಗದ ಹಲವರು ಸಿಕ್ಕಿಕೊಂಡಿದ್ದ ಸುದ್ದಿ ಪತ್ರಿಕೆಗಳಲ್ಲಿ ಬಂದದ್ದು ನಿಮಗೆ ನೆನಪಿರಬಹುದು. ಗಿಡಮೂಲಿಕೆ, ಕೂದಲೆಣ್ಣೆ ಮಾರಲು ಅವರು ಆಫ್ರಿಕಾದ ನಾನಾ ದೇಶಗಳಿಗೆ ಹೋಗುತ್ತಾರೆ. ಭಾರತ ಸರ್ಕಾರ 'ಆಪರೇಷನ್ ಕಾವೇರಿ' ಎಂಬ ಹೆಸರಿನಲ್ಲಿ ಸುಡಾನಿನಿಂದ ಸಾವಿರಾರು ಭಾರತೀಯರನ್ನು ಜೆಡ್ಡಾ ಮಾರ್ಗವಾಗಿ ಕರೆತಂದಿತು. ಗುಂಡಿನ ಸದ್ದಿನಿಂದ ಪಾರಾಗಿ ಬೆಂಗಳೂರಿಗೆ ಬಂದಿಳಿದವರಲ್ಲಿ ಲಸಿಕೆಯ ಪತ್ರವಿಲ್ಲದವರು ಮನೆಯವರ ಮುಖ ನೋಡುವ ಮೊದಲು ಆಸ್ಪತ್ರೆಯ ಪ್ರತ್ಯೇಕ ವಾರ್ಡಿಗೆ ಹೋಗಬೇಕಾಯಿತು. ಅಂಥ ಸಂಕಟದಲ್ಲಿಯೂ ಈ ನಿಯಮಕ್ಕೆ ವಿನಾಯಿತಿ ಇರಲಿಲ್ಲ ಎಂದ ಮೇಲೆ ಸಾಮಾನ್ಯ ಪ್ರಯಾಣಿಕರ ಮಾತೇನು?

ಲಸಿಕೆಯ ಬಗ್ಗೆ ತಿಳಿದಿರಬೇಕಾದ ವಿಷಯಗಳು ಇವು:

1. ಲಸಿಕೆ ಹಾಕಿಸಿದ ಹತ್ತು ದಿನಗಳ ನಂತರವೇ ಪ್ರಮಾಣಪತ್ರ ಊರ್ಜಿತವಾಗುತ್ತದೆ. ನಾಳೆ ವಿಮಾನ, ಇಂದು ಲಸಿಕೆ ಎಂದರೆ ಪ್ರಯೋಜನವಿಲ್ಲ.

2. ಒಮ್ಮೆ ಹಾಕಿಸಿದರೆ ಜೀವನಪರ್ಯಂತ ಸಾಕು. ಹಿಂದೆ ಹತ್ತು ವರ್ಷಕ್ಕೊಮ್ಮೆ ಎಂಬ ನಿಯಮವಿತ್ತು. 2016ರ ಜುಲೈ 11ರಿಂದ ಅದು ಬದಲಾಗಿದೆ. ಹಳೆಯ ಪುಸ್ತಕ ಇದ್ದವರು ಎಸೆಯಬೇಡಿ.

3. ಇದನ್ನು ಸರ್ಕಾರ ಮಾನ್ಯ ಮಾಡಿದ ಕೇಂದ್ರಗಳಲ್ಲಿ ಮಾತ್ರ ಹಾಕಿಸಬೇಕು. ಚೆನ್ನೈಯಲ್ಲಿ ಗಿಂಡಿಯ ಕಿಂಗ್ ಇನ್‌ಸ್ಟಿಟ್ಯೂಟ್ ಬಹುಕಾಲದಿಂದ ಹೆಸರಾದದ್ದು. ಬೆಂಗಳೂರಿನಲ್ಲಿಯೂ ಮಾನ್ಯ ಕೇಂದ್ರಗಳಿವೆ. ನಮ್ಮ ಸೀಮೆಯವರಿಗೆ ಅದೇ ಹತ್ತಿರ. ಒಂದು ಸೀಸೆ ಒಡೆದರೆ ಕೆಲವೇ ಗಂಟೆಗಳಲ್ಲಿ ಮುಗಿಸಬೇಕಾದ್ದರಿಂದ ವಾರದ ಗೊತ್ತಾದ ದಿನಗಳಲ್ಲಿ ಮಾತ್ರ ಹಾಕುವ ಕೇಂದ್ರಗಳುಂಟು. ಮೊದಲೇ ವಿಚಾರಿಸಿ, ಮೂಲ ಪಾಸ್‌ಪೋರ್ಟ್ ತೆಗೆದುಕೊಂಡು ಹೋಗಿ.

4. ಕೊಡುವ ಚಿಕ್ಕ ಹಳದಿ ಪುಸ್ತಕದಲ್ಲಿ ನಿಮ್ಮ ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ದಿನಾಂಕ, ಮುದ್ರೆ ಸರಿಯಾಗಿವೆಯೇ ಎಂದು ಅಲ್ಲಿಯೇ ನೋಡಿಕೊಳ್ಳಿ. ಅದನ್ನು ಪಾಸ್‌ಪೋರ್ಟ್ ಜೊತೆಯಲ್ಲಿಯೇ ಇಡಿ, ದೊಡ್ಡ ಪೆಟ್ಟಿಗೆಯಲ್ಲಿ ಹಾಕಿ ಕಳುಹಿಸಬೇಡಿ. ದುಡ್ಡು ಕೊಟ್ಟರೆ ಲಸಿಕೆ ಇಲ್ಲದೆಯೇ ಪುಸ್ತಕ ಮಾಡಿಕೊಡುತ್ತೇವೆ ಎನ್ನುವವರನ್ನು ಹತ್ತಿರ ಸೇರಿಸಬೇಡಿ. ಅದು ಅಪರಾಧ. ಮೇಲಾಗಿ ಸೊಳ್ಳೆ ಮುದ್ರೆ ನೋಡಿ ಕಚ್ಚುವುದಿಲ್ಲ.

5. ಒಂಬತ್ತು ತಿಂಗಳ ಒಳಗಿನ ಮಕ್ಕಳು, ಗರ್ಭಿಣಿಯರು, ಎದೆಹಾಲು ಕೊಡುವ ತಾಯಂದಿರು, ಮೊಟ್ಟೆ ತಿಂದರೆ ತೀವ್ರ ಅಲರ್ಜಿ ಆಗುವವರು, ಕ್ಯಾನ್ಸರ್ ಮುಂತಾದ ಕಾಯಿಲೆಗಳಿಂದ ದೇಹದ ರೋಗನಿರೋಧಕ ಶಕ್ತಿ ಕುಂದಿದವರು, 60 ವರ್ಷ ದಾಟಿದವರು ಈ ವಿಷಯವನ್ನು ವೈದ್ಯರಿಗೆ ಮೊದಲೇ ಹೇಳಬೇಕು. ಇದು ಜೀವಂತ ವೈರಸ್ಸನ್ನು ದುರ್ಬಲಗೊಳಿಸಿ, ಕೋಳಿಮೊಟ್ಟೆಯಲ್ಲಿ ಬೆಳೆಸಿ ಮಾಡಿದ ಲಸಿಕೆ.

ಇದೇ ಸಂದರ್ಭದಲ್ಲಿ ಟೈಫಾಯ್ಡ್, ಹೆಪಟೈಟಿಸ್, ಧನುರ್ವಾಯು ಲಸಿಕೆಗಳ ಬಗ್ಗೆಯೂ ವೈದ್ಯರನ್ನು ಕೇಳಿ. ಸೆನೆಗಲ್‌ನಿಂದ ಇಥಿಯೋಪಿಯಾದವರೆಗೆ ಅಡ್ಡಲಾಗಿ ಹಬ್ಬಿದ ದೇಶಗಳಲ್ಲಿ ಡಿಸೆಂಬರ್‌ನಿಂದ ಜೂನ್‌ವರೆಗಿನ ಒಣ ತಿಂಗಳುಗಳಲ್ಲಿ ಮಿದುಳು ಪೊರೆಯ ಜ್ವರ ಹರಡುವುದುಂಟು. ಆ ಕಡೆ ಹೋಗುವವರಿಗೆ ಅದರ ಲಸಿಕೆಯೂ ಬೇಕಾಗಬಹುದು. ಇದಕ್ಕೆಲ್ಲ ಸಮಯ ಬೇಕಾದ್ದರಿಂದ ಹೊರಡಲು ಆರು ವಾರ ಇರುವಾಗಲೇ ವೈದ್ಯರನ್ನು ಕಾಣುವುದು ಉತ್ತಮ.

ಮಲೇರಿಯಾ: ನಮ್ಮದು ಬೇರೆ, ಅಲ್ಲಿಯದು ಬೇರೆ

'ಮಲೇರಿಯಾ ನಮಗೇನು ಹೊಸದೇ? ನಮ್ಮ ಅಜ್ಜಿಗೂ ಬಂದಿತ್ತು, ವಾಸಿಯಾಗಿತ್ತು' ಎನ್ನುವವರಿದ್ದಾರೆ. ಇಲ್ಲಿ ಒಂದು ಮುಖ್ಯ ವ್ಯತ್ಯಾಸವನ್ನು ತಿಳಿಯಬೇಕು. ನಮ್ಮ ಊರುಗಳಲ್ಲಿ ಹಿರಿಯರು ಕಂಡ ಚಳಿಜ್ವರ ಬಹುಮಟ್ಟಿಗೆ ವೈವಾಕ್ಸ್ ಎಂಬ ಬಗೆಯದು. ಅದು ಜನರನ್ನು ಹಣ್ಣು ಮಾಡುತ್ತದೆ, ಆದರೆ ಕೊಲ್ಲುವುದು ಕಡಿಮೆ. ಆಫ್ರಿಕಾದಲ್ಲಿ ಹೆಚ್ಚಾಗಿರುವುದು ಫಾಲ್ಸಿಪಾರಂ ಎಂಬ ಬಗೆ. ಚಿಕಿತ್ಸೆ ಸಿಗದಿದ್ದರೆ ಅದು ಒಂದೆರಡು ದಿನಗಳಲ್ಲಿಯೇ ಮಿದುಳಿಗೂ ಮೂತ್ರಪಿಂಡಕ್ಕೂ ಏರಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಜಗತ್ತಿನಲ್ಲಿ 26 ಕೋಟಿಗೂ ಹೆಚ್ಚು ಮಲೇರಿಯಾ ಪ್ರಕರಣಗಳಾದವು, ಸುಮಾರು 5 ಲಕ್ಷ 97 ಸಾವಿರ ಜನ ಸತ್ತರು. ಆ ಸಾವುಗಳಲ್ಲಿ ನೂರಕ್ಕೆ 95ರಷ್ಟು ಆಫ್ರಿಕಾ ವಲಯದಲ್ಲಿ, ಅದರಲ್ಲಿಯೂ ಐದು ವರ್ಷದೊಳಗಿನ ಮಕ್ಕಳೇ ಹೆಚ್ಚು. ಅಲ್ಲಿಯೇ ಹುಟ್ಟಿ ಬೆಳೆದ ದೊಡ್ಡವರಿಗೆ ಮತ್ತೆ ಮತ್ತೆ ಬಂದು ಸ್ವಲ್ಪ ತಡೆಯುವ ಶಕ್ತಿ ಇರುತ್ತದೆ. ನಮ್ಮವರಿಗೆ ಅದು ಇರುವುದಿಲ್ಲ. ಈ ವಿಷಯದಲ್ಲಿ ಇಲ್ಲಿಂದ ಹೋದ ಗಟ್ಟಿಮುಟ್ಟಾದ ಯುವಕನ ದೇಹವೂ ಅಲ್ಲಿಯ ಎಳೆಮಗುವಿನ ದೇಹದಂತೆಯೇ.

ಎಲ್ಲ ಊರುಗಳಲ್ಲಿ ಅಪಾಯ ಒಂದೇ ಸಮನಲ್ಲ. ಎತ್ತರ ಹೆಚ್ಚಿದಂತೆ ಚಳಿ ಹೆಚ್ಚಿ ಮಲೇರಿಯಾ ಕಡಿಮೆಯಾಗುತ್ತದೆ. ಇಥಿಯೋಪಿಯಾದ ರಾಜಧಾನಿ ಆಡಿಸ್ ಅಬಾಬಾ ಸಮುದ್ರಮಟ್ಟದಿಂದ ಸುಮಾರು 2,300 ಮೀಟರ್ ಎತ್ತರದಲ್ಲಿದೆ, ಅಲ್ಲಿ ಮಲೇರಿಯಾದ ಭಯವಿಲ್ಲ. ನೈರೋಬಿ ಮತ್ತು ನೈವಾಶಾಗಳೂ ಎತ್ತರದವು, ಅಪಾಯ ಕಡಿಮೆ. ಆದರೆ ಅದೇ ಕೀನ್ಯಾದ ಮೊಂಬಾಸಾ ಕರಾವಳಿ, ವಿಕ್ಟೋರಿಯಾ ಸರೋವರದ ದಡದ ಕಿಸುಮು, ಇಥಿಯೋಪಿಯಾದ ಗಂಬೆಲಾದಂಥ ತಗ್ಗು ಪ್ರದೇಶ ಮತ್ತು ಉಗಾಂಡದ ಬಹುಭಾಗದಲ್ಲಿ ಅಪಾಯ ಹೆಚ್ಚು. ಗುಡ್ಡದ ಮೇಲಿನ ತೋಟದಲ್ಲಿ ಆರು ತಿಂಗಳು ಆರೋಗ್ಯವಾಗಿದ್ದವರು ಎರಡು ದಿನ ರಜೆಗೆ ಸಮುದ್ರ ನೋಡಲು ಇಳಿದು ಜ್ವರ ಹತ್ತಿಸಿಕೊಂಡು ಬರುವುದುಂಟು. ಆದ್ದರಿಂದ ವೈದ್ಯರಿಗೆ 'ಕೀನ್ಯಾಕ್ಕೆ ಹೋಗುತ್ತೇನೆ' ಎಂದಷ್ಟೇ ಹೇಳಿದರೆ ಸಾಲದು. ಯಾವ ಯಾವ ಊರು, ಯಾವ ತಿಂಗಳು, ಎಷ್ಟು ದಿನ ಎಂಬುದನ್ನೂ ಹೇಳಬೇಕು.

ಮಲೇರಿಯಾ ಇರುವ ಕಡೆಗೆ ಹೋಗುವವರಿಗೆ ಮುಂಜಾಗ್ರತೆಯ ಮಾತ್ರೆಗಳಿವೆ. ಹಳೆಯ ಕ್ಲೋರೋಕ್ವಿನ್ ಅಲ್ಲಿ ನಡೆಯುವುದಿಲ್ಲ. ಅಲ್ಲಿಯ ರೋಗಾಣು ಅದಕ್ಕೆ ಬಗ್ಗುವುದನ್ನು ಬಿಟ್ಟು ಬಹಳ ಕಾಲವಾಯಿತು. ಈಗ ವೈದ್ಯರು ಡಾಕ್ಸಿಸೈಕ್ಲಿನ್, ಮೆಫ್ಲೋಕ್ವಿನ್ ಅಥವಾ ಅಟೊವಾಕ್ವೋನ್ ಮತ್ತು ಪ್ರೊಗ್ವಾನಿಲ್ ಕೂಡಿದ ಮಾತ್ರೆಗಳಲ್ಲಿ ಒಂದನ್ನು ಆರಿಸಿ ಕೊಡುತ್ತಾರೆ. ಡಾಕ್ಸಿಸೈಕ್ಲಿನ್ ಗರ್ಭಿಣಿಯರಿಗೂ ಚಿಕ್ಕ ಮಕ್ಕಳಿಗೂ ಆಗದು. ಮೆಫ್ಲೋಕ್ವಿನ್ ಮೂರ್ಛೆರೋಗ, ಮನೋವ್ಯಾಧಿ ಇದ್ದವರಿಗೆ ಆಗದು. ಆದ್ದರಿಂದ ಪಕ್ಕದ ಮನೆಯವರು ನುಂಗಿದ್ದನ್ನು ನೀವೂ ನುಂಗಬೇಡಿ. ಇನ್ನೊಂದು ಮುಖ್ಯ ಮಾತು. ಊರಿಗೆ ಬಂದ ದಿನವೇ ಮಾತ್ರೆ ನಿಲ್ಲಿಸಬಾರದು. ಡಾಕ್ಸಿಸೈಕ್ಲಿನ್ ಮತ್ತು ಮೆಫ್ಲೋಕ್ವಿನ್ ಬಂದ ಮೇಲೂ ನಾಲ್ಕು ವಾರ, ಮೂರನೆಯದು ಏಳು ದಿನ ಮುಂದುವರಿಯಬೇಕು. ರಕ್ತದಲ್ಲಿ ಅಡಗಿ ಬಂದ ರೋಗಾಣು ಸಾಯುವುದು ಆ ದಿನಗಳಲ್ಲಿಯೇ.

ಮಾತ್ರೆ ಎಷ್ಟೇ ಒಳ್ಳೆಯದಿದ್ದರೂ ಸೊಳ್ಳೆ ಕಚ್ಚದಿರುವುದೇ ಮೊದಲ ಮದ್ದು. ಮಲೇರಿಯಾದ ಸೊಳ್ಳೆ ಸಂಜೆಯಿಂದ ಬೆಳಗಿನವರೆಗೆ ಕಚ್ಚುತ್ತದೆ. ಸೂರ್ಯ ಮುಳುಗಿದ ಮೇಲೆ ತುಂಬುತೋಳಿನ ಅಂಗಿ, ಉದ್ದ ಪ್ಯಾಂಟು ಹಾಕಿಕೊಳ್ಳಿ. ಬಿಡಿಭಾಗಗಳಿಗೆ ಸೊಳ್ಳೆ ಓಡಿಸುವ ಮುಲಾಮು ಹಚ್ಚಿ. ಔಷಧಿ ಸೇರಿಸಿದ ಸೊಳ್ಳೆ ಪರದೆಯನ್ನು ಇಲ್ಲಿಂದಲೇ ಒಯ್ಯಿರಿ, ಅದರ ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸಿ ಮಲಗಿ. ಹರಿದ ಪರದೆ ಬೇಲಿ ಮುರಿದ ಹೊಲವಿದ್ದಂತೆ.

ಇಲ್ಲಿ ಒಂದು ಸೋಜಿಗದ ಸಂಗತಿ. ನಮ್ಮ ಪಟ್ಟಣಗಳಲ್ಲಿ ಮೇಲ್ಛಾವಣಿಯ ನೀರಿನ ತೊಟ್ಟಿಗಳಲ್ಲಿ, ಕಟ್ಟಡ ಕೆಲಸದ ನೀರಿನಲ್ಲಿ ಬೆಳೆದು ಮಲೇರಿಯಾ ಹರಡುವ ಸ್ಟೀಫೆನ್ಸಿ ಎಂಬ ಸೊಳ್ಳೆ ಏಷ್ಯಾದ್ದು. ಅದು 2012ರಲ್ಲಿ ಆಫ್ರಿಕಾದ ಜಿಬೂಟಿಯಲ್ಲಿ, 2016ರಲ್ಲಿ ಇಥಿಯೋಪಿಯಾದಲ್ಲಿ ಕಾಣಿಸಿಕೊಂಡಿತು. ಹಳ್ಳಿಯ ರೋಗವೆಂದುಕೊಂಡಿದ್ದ ಮಲೇರಿಯಾ ಈಗ ಅಲ್ಲಿಯ ಪಟ್ಟಣಗಳಿಗೂ ನುಗ್ಗುತ್ತಿದೆ. ರಾಗಿ ಅಲ್ಲಿಂದ ಇಲ್ಲಿಗೆ ಬಂತು, ನಮ್ಮ ಕಡೆಯ ಸೊಳ್ಳೆ ಇಲ್ಲಿಂದ ಅಲ್ಲಿಗೆ ಹೋಯಿತು. ರೋಗ ಒಂದೇ ದಿಕ್ಕಿಗೆ ಪ್ರಯಾಣ ಮಾಡುತ್ತದೆ ಎಂದು ಯಾರೂ ಬೀಗಬಾರದು.

ನೀರು, ಅನ್ನ, ಬಟ್ಟೆ

ಕುದಿಸಿದ ಅಥವಾ ಮುಚ್ಚಳದ ಮುದ್ರೆ ಒಡೆಯದ ಬಾಟಲಿಯ ನೀರನ್ನೇ ಕುಡಿಯಿರಿ. ಬಿಸಿಯಾಗಿ ಬೇಯಿಸಿದ್ದನ್ನು ತಿನ್ನಿ, ಸಿಪ್ಪೆ ಸುಲಿಯುವ ಹಣ್ಣನ್ನು ನೀವೇ ಸುಲಿದು ತಿನ್ನಿ. ಬೇಧಿ ಹತ್ತಿದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಕಲಸಿ ಗುಟುಕು ಗುಟುಕಾಗಿ ಕುಡಿಯಬೇಕು. ಓ.ಆರ್.ಎಸ್. ಪೊಟ್ಟಣಗಳನ್ನು ಇಲ್ಲಿಂದ ಒಯ್ದರೆ ಇನ್ನೂ ಸುಲಭ. ಬೇಧಿಯಲ್ಲಿ ರಕ್ತ ಕಂಡರೆ ಅಥವಾ ಜ್ವರವೂ ಸೇರಿದರೆ ಆಸ್ಪತ್ರೆಗೆ ಹೋಗಿ.

ಊಟದ ಚಿಂತೆ ಬೇಡ. ಕೀನ್ಯಾದ ಉಗಾಲಿ ಎಂದರೆ ಬಿಳಿ ಮುಸುಕಿನ ಜೋಳದ ಹಿಟ್ಟಿನ ಮುದ್ದೆ. ಅದನ್ನು ಸೊಪ್ಪಿನ ಪಲ್ಯದೊಡನೆ ಉಣ್ಣುತ್ತಾರೆ. ನಮ್ಮ ರಾಗಿಗೆ ಅಲ್ಲಿ ವಿಂಬಿ ಎಂದು ಹೆಸರು, ಹಿಟ್ಟು ಅಂಗಡಿಗಳಲ್ಲಿ ಸಿಗುತ್ತದೆ. ಇಥಿಯೋಪಿಯಾದಲ್ಲಿ ತೆಫ್ ಎಂಬ ಸಣ್ಣ ಧಾನ್ಯದ ಹಿಟ್ಟನ್ನು ಹುಳಿ ಬರಿಸಿ ದೋಸೆಯಂತೆ ಹುಯ್ದು ಇಂಜೆರಾ ಮಾಡುತ್ತಾರೆ. ಅಲ್ಲಿಯ ಆರ್ಥೊಡಾಕ್ಸ್ ಕ್ರೈಸ್ತರು ಬುಧವಾರ, ಶುಕ್ರವಾರಗಳಂದು ಮತ್ತು ತಪಸ್ಸು ಕಾಲದಲ್ಲಿ ಮಾಂಸ, ಹಾಲು, ಮೊಟ್ಟೆ ಮುಟ್ಟುವುದಿಲ್ಲ. ಆ ದಿನಗಳಲ್ಲಿ ಬೇಳೆ, ತರಕಾರಿಯ ಊಟ ಎಲ್ಲೆಡೆ ಸಿಗುತ್ತದೆ.

ಕೆರೆ ಕಂಡರೆ ಕೈಕಾಲು ತೊಳೆಯುವುದು, ಬಾವಿ ಕಂಡರೆ ಈಜುವುದು ನಮ್ಮ ರೈತ ಮಕ್ಕಳಿಗೆ ಹುಟ್ಟು ಅಭ್ಯಾಸ. ಅಲ್ಲಿ ಇದನ್ನು ಬಿಡಬೇಕು. ವಿಕ್ಟೋರಿಯಾ ಮುಂತಾದ ಸಿಹಿನೀರಿನ ಸರೋವರ, ಕಾಲುವೆಗಳಲ್ಲಿ ಬಿಲ್ಹಾರ್ಜಿಯಾ ಎಂಬ ಹುಳುರೋಗ ಇದೆ. ನೀರಿನಲ್ಲಿರುವ ಬಸವನಹುಳುವಿನಿಂದ ಹೊರಬರುವ ಕಣ್ಣಿಗೆ ಕಾಣದ ಮರಿಗಳು ಚರ್ಮವನ್ನು ತೂರಿ ಒಳಹೋಗುತ್ತವೆ. ತಿಂಗಳುಗಳ ನಂತರ ಮೂತ್ರದಲ್ಲಿ ಅಥವಾ ಮಲದಲ್ಲಿ ರಕ್ತ ಕಾಣಬಹುದು. ಮಾತ್ರೆಯಿಂದ ವಾಸಿಯಾಗುತ್ತದೆ, ಆದರೆ ಇಲ್ಲಿಯ ವೈದ್ಯರಿಗೆ ಆ ರೋಗ ಹೊಳೆಯಬೇಕಲ್ಲ? ತೋಟದ ಕಾಲುವೆಗೆ ಇಳಿಯಲೇಬೇಕಾದರೆ ಉದ್ದ ರಬ್ಬರ್ ಬೂಟು ಹಾಕಿಕೊಳ್ಳಿ. ನೈವಾಶಾದಂಥ ಸರೋವರಗಳ ದಡದಲ್ಲಿ ಕತ್ತಲಾದ ಮೇಲೆ ನಡೆದಾಡಬೇಡಿ. ನೀರ್ಗುದುರೆಗಳು ರಾತ್ರಿ ಮೇಯಲು ದಡಕ್ಕೆ ಬರುತ್ತವೆ. ನೋಡಲು ಎಮ್ಮೆಯಂತೆ ಸಾಧು, ಸಿಟ್ಟಿಗೆದ್ದರೆ ಕೊಲ್ಲುತ್ತವೆ.

ಒದ್ದೆ ಬಟ್ಟೆಯನ್ನು ಬೇಲಿಯ ಮೇಲೆ, ನೆಲದ ಮೇಲೆ ಒಣಗಿಸುವುದು ಬೇಡ. ಟುಂಬು ಎಂಬ ನೊಣ ಅದರ ಮೇಲೆ ಮೊಟ್ಟೆಯಿಡುತ್ತದೆ. ಬಟ್ಟೆ ತೊಟ್ಟಾಗ ಮರಿ ಚರ್ಮದೊಳಗೆ ಸೇರಿ ಕುರುವಿನಂತೆ ಏಳುತ್ತದೆ. ಒಳ ಉಡುಪು ಸಹಿತ ಎಲ್ಲವನ್ನೂ ಬಿಸಿ ಇಸ್ತ್ರಿ ಮಾಡಿ ಹಾಕಿಕೊಂಡರೆ ಮೊಟ್ಟೆ ಸಾಯುತ್ತದೆ. ಬರಿಗಾಲಿನಲ್ಲಿ ನಡೆಯಬೇಡಿ. ನಾಯಿ ಕಚ್ಚಿದರೆ ಹದಿನೈದು ನಿಮಿಷ ಸೋಪು ನೀರಿನಲ್ಲಿ ತೊಳೆದು ಅದೇ ದಿನ ಚುಚ್ಚುಮದ್ದು ಹಾಕಿಸಿ.

ಪ್ರಯಾಣದ ಕೆಲವು ಸೂಕ್ಷ್ಮಗಳು

ಕೆಲಸಕ್ಕಾಗಿ ಹೋಗುವವರು ಕೆಲಸದ ಪರವಾನಗಿಯನ್ನೇ ಪಡೆದು ಹೋಗಬೇಕು. 'ಮೊದಲು ಪ್ರವಾಸಿಯಾಗಿ ಹೋಗು, ಅಲ್ಲಿ ಬದಲಾಯಿಸೋಣ' ಎನ್ನುವ ದಳ್ಳಾಳಿಯ ಮಾತು ಕೇಳಬೇಡಿ. ಏಜೆಂಟರ ಹೆಸರು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಪಟ್ಟಿಯಲ್ಲಿದೆಯೇ ನೋಡಿ. ಕೀನ್ಯಾ 2024ರ ಜನವರಿಯಿಂದ ಪ್ರವಾಸಿಗಳಿಗೆ ವೀಸಾ ಬದಲು ಮುಂಗಡವಾಗಿ ಕಂಪ್ಯೂಟರಿನಲ್ಲಿ ಅನುಮತಿ ಪಡೆಯುವ ಪದ್ಧತಿ ತಂದಿದೆ. ಆ ಅನುಮತಿಯಲ್ಲಿ ಹೋಗಿ ಕೆಲಸ ಮಾಡುವಂತಿಲ್ಲ. ತಲುಪಿದ ವಾರದಲ್ಲಿಯೇ ಭಾರತದ ರಾಯಭಾರ ಕಚೇರಿಯಲ್ಲಿ ನಿಮ್ಮ ಹೆಸರು, ವಿಳಾಸ ನೋಂದಾಯಿಸಿ. ಗಲಭೆಯಾದಾಗ ಸರ್ಕಾರ ಹುಡುಕುವುದು ಆ ಪಟ್ಟಿಯಿಂದಲೇ. ಪಾಸ್‌ಪೋರ್ಟ್, ಹಳದಿ ಪುಸ್ತಕ, ಕೆಲಸದ ಒಪ್ಪಂದ ಇವುಗಳ ಪ್ರತಿಗಳನ್ನು ಮನೆಯಲ್ಲಿಯೂ ಬಿಟ್ಟು ಹೋಗಿ.

ರಕ್ತದೊತ್ತಡ, ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಪೂರ್ತಿ ಅವಧಿಗೆ ಸಾಕಾಗುವಷ್ಟು, ವೈದ್ಯರ ಚೀಟಿಯೊಡನೆ, ಮೂಲ ಪಟ್ಟಿಯಲ್ಲಿಯೇ ಕೈಚೀಲದಲ್ಲಿ ಒಯ್ಯಿರಿ. ಬಿಡಿ ಪುಡಿ, ಲೇಹ್ಯಗಳನ್ನು ಪೊಟ್ಟಣ ಕಟ್ಟಿ ಒಯ್ದರೆ ತನಿಖೆಯಲ್ಲಿ ತೊಂದರೆ. ಆಡಿಸ್ ಅಬಾಬಾದ ಎತ್ತರದಲ್ಲಿ ಮೊದಲ ಒಂದೆರಡು ದಿನ ಏದುಸಿರು, ತಲೆನೋವು ಬರಬಹುದು. ಹೃದ್ರೋಗ, ರಕ್ತಹೀನತೆ ಇರುವವರು ಹೊರಡುವ ಮೊದಲೇ ವೈದ್ಯರನ್ನು ಕೇಳಬೇಕು. ಆಫ್ರಿಕಾ ಎಂದರೆ ಸೆಕೆ ಎಂದುಕೊಂಡು ಸ್ವೆಟರ್ ಬಿಟ್ಟು ಹೋಗಬೇಡಿ, ನೈವಾಶಾದ ರಾತ್ರಿ ನಮ್ಮ ತಳಿಯ ಮಾಗಿ ಚಳಿಯನ್ನು ನೆನಪಿಸುತ್ತದೆ.

ಕೀನ್ಯಾದಲ್ಲಿ 2017ರ ಆಗಸ್ಟ್‌ನಿಂದ ಪ್ಲಾಸ್ಟಿಕ್ ಕೈಚೀಲ ನಿಷಿದ್ಧ, ಭಾರಿ ದಂಡವಿದೆ. ಬಟ್ಟೆ ಚೀಲ ಒಯ್ಯಿರಿ. ಇಥಿಯೋಪಿಯಾದಲ್ಲಿ ದಿನದ ಗಂಟೆಗಳನ್ನು ಬೆಳಗಿನ ಆರರಿಂದ ಎಣಿಸುತ್ತಾರೆ. 'ಎರಡು ಗಂಟೆಗೆ ಬಸ್ಸು' ಎಂದರೆ ನಮ್ಮ ಬೆಳಗಿನ ಎಂಟು. ಸ್ವಾಹಿಲಿ ಮಾತನಾಡುವವರಲ್ಲಿಯೂ ಇದೇ ಎಣಿಕೆ. ಆದ್ದರಿಂದ 'ಯಾರ ಗಡಿಯಾರ?' ಎಂದು ಕೇಳಿಕೊಳ್ಳಿ. ಸ್ವಾಹಿಲಿಯಲ್ಲಿ ನೀರಿಗೆ ಮಾಜಿ, ಔಷಧಿಗೆ ದಾವಾ, ಜ್ವರಕ್ಕೆ ಹೋಮಾ, ಧನ್ಯವಾದಕ್ಕೆ ಅಸಾಂಟೆ. ಚಹಾಕ್ಕೆ ಚಾಯ್, ಚಪಾತಿಗೆ ಚಪಾತಿಯೇ. ರಸ್ತೆ ಅಪಘಾತದ ಭಯ ಕಾಯಿಲೆಯ ಭಯಕ್ಕಿಂತ ಕಡಿಮೆಯದಲ್ಲ. ರಾತ್ರಿ ಪ್ರಯಾಣ ಬೇಡ. ಕೀನ್ಯಾದಲ್ಲಿ ನಮ್ಮಂತೆಯೇ ಎಡಗಡೆ ಓಡಿಸುತ್ತಾರೆ, ಇಥಿಯೋಪಿಯಾದಲ್ಲಿ ಬಲಗಡೆ. ರಸ್ತೆ ದಾಟುವಾಗ ಎರಡೂ ಕಡೆ ನೋಡಿ.

ರೈತರಿಗೆ ಒಂದು ವಿಶೇಷ ಮನವಿ: ಬೀಜ, ಕಡ್ಡಿ, ಮಣ್ಣು ತರಬೇಡಿ

ಒಳ್ಳೆಯ ಗುಲಾಬಿ ತಳಿ ಕಂಡರೆ ಒಂದು ಕಡ್ಡಿ ಮುರಿದು ಒದ್ದೆ ಬಟ್ಟೆಯಲ್ಲಿ ಸುತ್ತಿ ತರೋಣ ಎಂದು ರೈತನ ಕೈ ತುರಿಸುವುದು ಸಹಜ. ಆದರೆ ಇದು ಕಾನೂನಿಗೆ ವಿರುದ್ಧ. 2003ರ ಸಸ್ಯ ಸಂಗರೋಧ ಆದೇಶದಂತೆ ಆಮದು ಅನುಮತಿ ಮತ್ತು ಸಸ್ಯಾರೋಗ್ಯ ಪ್ರಮಾಣಪತ್ರ ಇಲ್ಲದೆ ಬೀಜ, ಗಿಡ, ಕಡ್ಡಿಗಳನ್ನು ತರುವಂತಿಲ್ಲ. ಮಣ್ಣನ್ನಂತೂ ಹೀಗೆ ತರಲೇಬಾರದು. ಕಾರಣ ನಿಮ್ಮ ಹೊಲದಲ್ಲಿಯೇ ಇದೆ. ಮುಸುಕಿನ ಜೋಳದ ಸುಳಿ ತಿನ್ನುವ ಹೊಸ ಲದ್ದಿ ಹುಳು ಮೂಲತಃ ಅಮೆರಿಕ ಖಂಡದ್ದು. 2016ರಲ್ಲಿ ಪಶ್ಚಿಮ ಆಫ್ರಿಕಾದಲ್ಲಿ ಕಾಣಿಸಿತು, ಎರಡೇ ವರ್ಷದಲ್ಲಿ, 2018ರಲ್ಲಿ, ಕರ್ನಾಟಕದ ಹೊಲಗಳಲ್ಲಿತ್ತು. ಟೊಮ್ಯಾಟೊ ಎಲೆ, ಕಾಯಿ ಕೊರೆಯುವ ಟೂಟಾ ಹುಳು ದಕ್ಷಿಣ ಅಮೆರಿಕದಿಂದ ಸ್ಪೇನ್, ಉತ್ತರ ಆಫ್ರಿಕಾಗಳನ್ನು ದಾಟಿ 2014ರಲ್ಲಿ ಮಹಾರಾಷ್ಟ್ರದಲ್ಲಿ ಕಾಣಿಸಿಕೊಂಡಿತು. ಪತಂಗಗಳು ತಾವೇ ದೂರ ಹಾರಬಲ್ಲವು, ನಿಜ. ಆದರೆ ಹಾರಲಾರದ ರೋಗಗಳಿಗೂ ಬೇರುಹುಳುಗಳಿಗೂ ನಾವೇ ವಾಹನವಾಗುವುದು ಬೇಡ. ತೋಟದ ಬೂಟುಗಳನ್ನು ಅಲ್ಲಿಯೇ ಚೆನ್ನಾಗಿ ತೊಳೆದು ಒಣಗಿಸಿ, ಸಾಧ್ಯವಾದರೆ ಬಿಟ್ಟೇ ಬನ್ನಿ.

ಬಂದ ಮೇಲೆ ಜ್ವರ ಬಂದರೆ

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತಿಗೆ ಬಂದೆವು. ಫಾಲ್ಸಿಪಾರಂ ಮಲೇರಿಯಾ ಸೊಳ್ಳೆ ಕಚ್ಚಿದ ಏಳು ದಿನಗಳ ನಂತರ, ಸಾಮಾನ್ಯವಾಗಿ ಒಂದು ತಿಂಗಳೊಳಗೆ ಕಾಣಿಸಿಕೊಳ್ಳುತ್ತದೆ. ಕೆಲವೊಮ್ಮೆ ಮೂರು ತಿಂಗಳ ನಂತರವೂ ಬರಬಹುದು. ಅಂದರೆ ಬಂದವರು ನೆಂಟರನ್ನೆಲ್ಲ ನೋಡಿ, ತಂದ ಉಡುಗೊರೆ ಹಂಚಿ, ಹೊಲದ ಕೆಲಸಕ್ಕೆ ಇಳಿದ ಮೇಲೆ ಜ್ವರ ಬರುತ್ತದೆ. ಆ ಹೊತ್ತಿಗೆ ಆಫ್ರಿಕಾ ಮರೆತೇ ಹೋಗಿರುತ್ತದೆ. ಪ್ರಯಾಣದ ದಣಿವು, ಮಳೆಯಲ್ಲಿ ನೆಂದದ್ದು, ಫ್ಲೂ ಎಂದು ಪ್ಯಾರಾಸಿಟಮಾಲ್ ನುಂಗಿ ಮಲಗುತ್ತಾರೆ. ಔಷಧಿ ಅಂಗಡಿಯಿಂದ ಎರಡು ದಿನ ಮಾತ್ರೆ ತರಿಸುತ್ತಾರೆ. ಮೂರನೆಯ ದಿನ ಮಾತು ತೊದಲುತ್ತದೆ. ಫಾಲ್ಸಿಪಾರಂ ವಿಷಯದಲ್ಲಿ ಆ ಎರಡು ದಿನವೇ ಜೀವಕ್ಕೂ ಸಾವಿಗೂ ನಡುವಿನ ಅಂತರ.

ವೈದ್ಯರನ್ನು ದೂರುವಂತಿಲ್ಲ. ನಮ್ಮ ತಮಿಳುನಾಡಿನಲ್ಲಿ ಮಲೇರಿಯಾ ಬಹಳ ಕಡಿಮೆಯಾಗಿದೆ, ಅದು ಸಂತೋಷದ ವಿಷಯ. ಆದ್ದರಿಂದಲೇ ಜ್ವರ ಎಂದೊಡನೆ ವೈದ್ಯರಿಗೆ ಮೊದಲು ಹೊಳೆಯುವುದು ಡೆಂಗಿ, ಟೈಫಾಯ್ಡ್. ನೀವು ಹೇಳದಿದ್ದರೆ ಅವರಿಗೆ ತಿಳಿಯುವುದು ಹೇಗೆ? ಆದ್ದರಿಂದ ಈ ಒಂದು ವಾಕ್ಯವನ್ನು ಬಾಯಿಪಾಠ ಮಾಡಿ: 'ಡಾಕ್ಟರೇ, ನಾನು ಆಫ್ರಿಕಾದಿಂದ ಬಂದು ಇಷ್ಟು ದಿನವಾಯಿತು. ಮಲೇರಿಯಾಕ್ಕೆ ಈಗಲೇ ರಕ್ತ ಪರೀಕ್ಷೆ ಮಾಡಿಸಿ.'

ಪರೀಕ್ಷೆ ಕಷ್ಟದ್ದಲ್ಲ. ಬೆರಳ ತುದಿಯ ಒಂದು ಹನಿ ರಕ್ತ ಸಾಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಉಚಿತ. ಒಮ್ಮೆ 'ಇಲ್ಲ' ಎಂದು ಬಂದರೂ ಜ್ವರ ನಿಲ್ಲದಿದ್ದರೆ ಹನ್ನೆರಡರಿಂದ ಇಪ್ಪತ್ತನಾಲ್ಕು ಗಂಟೆಗಳ ಅಂತರದಲ್ಲಿ ಮೂರು ಬಾರಿಯಾದರೂ ನೋಡಿಸಬೇಕು, ಏಕೆಂದರೆ ಮೊದಲ ಹನಿಯಲ್ಲಿ ರೋಗಾಣು ಸಿಗದೆ ಇರಬಹುದು. ಕಂಡುಹಿಡಿದರೆ ಒಳ್ಳೆಯ ಔಷಧಿ ಇದೆ, ಬೇಗ ಕೊಟ್ಟರೆ ಪೂರ್ಣ ವಾಸಿಯಾಗುತ್ತದೆ. ಮುಂಜಾಗ್ರತೆಯ ಮಾತ್ರೆ ತಪ್ಪದೆ ನುಂಗಿದವರೂ ಪರೀಕ್ಷೆ ಮಾಡಿಸಬೇಕು. ಯಾವ ಮಾತ್ರೆಯೂ ನೂರಕ್ಕೆ ನೂರು ಕಾಯುವುದಿಲ್ಲ.

ಮನೆಯವರಿಗೂ ಒಂದು ಮಾತು. ತೀವ್ರ ಜ್ವರದಲ್ಲಿರುವವರಿಗೆ ತಾವೇ ಹೇಳಿಕೊಳ್ಳುವ ಪ್ರಜ್ಞೆ ಇರದಿರಬಹುದು. ಆಗ ತಾಯಿ, ಹೆಂಡತಿ, ಅಣ್ಣತಮ್ಮಂದಿರು ಹೇಳಬೇಕು. ಬಂದವರ ಪ್ರಯಾಣದ ದಿನಾಂಕವನ್ನು ಮನೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿ, ಅಲ್ಲಿಂದ ಮೂರು ತಿಂಗಳ ದಿನಕ್ಕೂ ಒಂದು ಗುರುತು ಹಾಕಿ. ಆ ಎರಡು ಗುರುತುಗಳ ನಡುವೆ ಬರುವ ಯಾವ ಜ್ವರವೂ ಸಣ್ಣ ಜ್ವರವಲ್ಲ. ಒಂದು ವರ್ಷದವರೆಗೂ ಜ್ವರ ಬಂದರೆ ವೈದ್ಯರಿಗೆ ಪ್ರಯಾಣದ ವಿಷಯ ಹೇಳುವುದು ಒಳ್ಳೆಯದು. ರಕ್ತದಾನ ಮಾಡಲು ಹೋದಾಗಲೂ ತಪ್ಪದೆ ಹೇಳಿ. ಜ್ವರ ಇರುವವರು ಹಗಲೂ ರಾತ್ರಿಯೂ ಪರದೆಯೊಳಗೆ ಮಲಗಲಿ, ಇಲ್ಲದಿದ್ದರೆ ನಮ್ಮೂರ ಸೊಳ್ಳೆ ಅವರಿಂದ ಹೀರಿ ನೆರೆಮನೆಯ ಮಗುವಿಗೆ ಕೊಟ್ಟೀತು.

ಕತ್ತರಿಸಿ ಗೋಡೆಗೆ ಅಂಟಿಸಿಕೊಳ್ಳಿ

ಹೋಗುವ ಮೊದಲು: ಆರು ವಾರ ಮುಂಚೆ ವೈದ್ಯರು, ಹತ್ತು ದಿನಕ್ಕಿಂತ ಮುಂಚೆ ಹಳದಿ ಜ್ವರದ ಲಸಿಕೆ, ಪಾಸ್‌ಪೋರ್ಟ್ ಜೊತೆ ಹಳದಿ ಪುಸ್ತಕ.

ಅಲ್ಲಿ ಇರುವಾಗ: ಸಂಜೆಯಾದರೆ ತುಂಬುತೋಳು, ಮಲಗುವಾಗ ಪರದೆ, ಕುದಿಸಿದ ನೀರು, ಸರೋವರಕ್ಕೆ ಇಳಿಯಬಾರದು, ಬಟ್ಟೆಗೆ ಇಸ್ತ್ರಿ, ರಾಯಭಾರ ಕಚೇರಿಯಲ್ಲಿ ಹೆಸರು.

ಬರುವಾಗ: ಬೀಜ, ಕಡ್ಡಿ, ಮಣ್ಣು ಬೇಡ.

ಬಂದ ಮೇಲೆ: ಮಾತ್ರೆ ಪೂರ್ತಿ ಅವಧಿ, ಮೂರು ತಿಂಗಳೊಳಗೆ ಜ್ವರ ಬಂದರೆ ಅದೇ ದಿನ ರಕ್ತ ಪರೀಕ್ಷೆ, ವೈದ್ಯರಿಗೆ ಮೊದಲ ಮಾತು 'ಆಫ್ರಿಕಾದಿಂದ ಬಂದೆ.'

ದೂರದ ಊರಿಗೆ ದುಡಿಯಲು ಹೋಗುವವರ ಹಿಂದೆ ಮನೆ ಮಂದಿಯ ಕನಸೂ ಸಾಲವೂ ಇರುತ್ತದೆ ಎಂಬುದನ್ನು ನಾವು ಬಲ್ಲೆವು. ಅವರು ಗಳಿಸಿ ತರುವುದಕ್ಕಿಂತ ಅವರು ಮರಳಿ ಬರುವುದು ದೊಡ್ಡದು. ಬಂದ ಮೇಲೆ ಉಳಿಯುವುದು ಅದಕ್ಕಿಂತ ದೊಡ್ಡದು. ನಿಮ್ಮ ಬಂಧುಬಳಗದಲ್ಲಿ ಯಾರಾದರೂ ಆ ಕಡೆಗೆ ಹೊರಟಿದ್ದರೆ ಈ ಪುಟವನ್ನು ಅವರಿಗೂ ಅವರ ಮನೆಯವರಿಗೂ ಓದಿ ಹೇಳಿ. ಹೋದವರೆಲ್ಲ ಸುಖವಾಗಿ ಹೋಗಿ ಸುಖವಾಗಿ ಬರಲಿ ಎಂದು ಹಾರೈಸುತ್ತೇವೆ.